ಸಾಪ್ರಿ ನುಂಗಿಕೊಂಡ ಮಾತು

ಸಾಪ್ರಿಗೆ ಎಡಗಿವಿ ಅರ್ಧವೇ ಇದ್ದದ್ದು. ಉಳಿದರ್ಧ ಪುಂಚಕ್ ಘಾಟಿಯ ರಸಮಾಲಾ ತಿರುವಿನಲ್ಲಿ, ಚರಂಡಿಯ ಪಕ್ಕ, ಅವನಿಗೆ ಇನ್ನೂ ಮೀಸೆ ಸರಿಯಾಗಿ ಮೂಡುವ ಮೊದಲೇ ಬಿದ್ದುಹೋಗಿತ್ತು. ಕಿವಿಯ ಬುಡದಿಂದ ಗಲ್ಲದವರೆಗೆ ಹರಿದ ಗಾಯದ ಗೆರೆ ಮುಖವನ್ನು ಎರಡು ಪಾಲು ಮಾಡಿತ್ತು. ಬಲಗಡೆಯಿಂದ ನೋಡಿದವರಿಗೆ ಮೆತ್ತನೆಯ ಮನುಷ್ಯ, ಎಡಗಡೆಯಿಂದ ನೋಡಿದವರಿಗೆ ಕೊಲೆಗಡುಕ. ಇದು ಅವನಿಗೂ ಗೊತ್ತಿತ್ತು. ಜಕಾರ್ತಾದಿಂದ ಬರುವ ಕಾರುಗಳಿಗೆ ಬಲಗೆನ್ನೆ ಕೊಟ್ಟು ನಿಲ್ಲುತ್ತಿದ್ದ, ಕೆಳತಿರುವಿನ ಗುಂಪಿನವರು ಬಂದರೆ ಎಡಗೆನ್ನೆ.

ಶನಿವಾರ ಬಂತೆಂದರೆ ಜಕಾರ್ತಾದವರಿಗೆ ತಮ್ಮ ಊರಿನಲ್ಲಿ ಉಸಿರು ಕಟ್ಟುತ್ತದೆ. ತಾವೇ ಬಿಟ್ಟ ಹೊಗೆಯಿಂದ ತಪ್ಪಿಸಿಕೊಳ್ಳಲು ಅದೇ ಹೊಗೆ ಬಿಡುವ ಕಾರು ಹತ್ತಿ ನಮ್ಮ ಘಾಟಿಯ ಮೇಲೆ ಸಾಲುಗಟ್ಟಿ ನಿಲ್ಲುತ್ತಾರೆ. ಎಲ್ಲಿ ಉಳಿಯಬೇಕು ಎಂಬುದು ಮಾತ್ರ ಗೊತ್ತಿರುವುದಿಲ್ಲ. ಫೋನಿನಲ್ಲಿ ನೋಡಿ ಆರಿಸಿಕೊಂಡು ಬಂದವರಿಗೂ ಇಲ್ಲಿ ಮಂಜು ಕವಿದ ಮೇಲೆ ಅನುಮಾನ ಹತ್ತುತ್ತದೆ, ಚಿತ್ರದಲ್ಲಿದ್ದ ಈಜುಕೊಳ ನಿಜವಾಗಿ ಇದೆಯೋ, ಇದ್ದರೆ ಅದರಲ್ಲಿ ಬರೀ ಕಪ್ಪೆಗಳಿವೆಯೋ ಎಂದು. ಅಂಥವರಿಗಾಗಿ ಸಾಪ್ರಿ 'ವಿಲ್ಲಾ' ಎಂದು ಬರೆದ ರಟ್ಟೊಂದನ್ನು ಎದೆಗೆ ಹಿಡಿದು ನಿಲ್ಲುತ್ತಿದ್ದ. ಬರೆದದ್ದು ವಿಲ್ಲಾ ಎಂದಾದರೂ ಮರದ ಕ್ಯಾಬಿನ್ನು, ಚಹಾತೋಟದ ಅಂಚಿನ ಗುಡಿಸಲು, ಹೊಳೆ ಪಕ್ಕದ ಗುಡಾರ, ಪೈನ್ ಕಾಡಿನ ಬಯಲು, ಎಲ್ಲವೂ ಆ ರಟ್ಟಿನೊಳಗೇ ಇದ್ದವು. ಜನ ಒಪ್ಪಿದರೆ ಮೋಟರ್‌ಸೈಕಲ್ ಹತ್ತಿ ಮುಂದೆ ಮುಂದೆ ಹೋಗುತ್ತಿದ್ದ, ಕಾರು ಹಿಂದೆ ಬರುತ್ತಿತ್ತು.

ಕಾರಿನ ಗಾಜು ಇಳಿದ ಕೂಡಲೇ ಯಾರು ಮೊದಲು ಬಾಯಿ ಬಿಡುತ್ತಾರೆಂದು ನೋಡುವುದು ಅವನ ರೂಢಿ. ಒಮ್ಮೆ ಹೀಗೆ ಹೊಸ ಕಾರಿನ ಯಜಮಾನನೊಬ್ಬ ತಲೆ ಹೊರಹಾಕಿ, "ಗುಡಾರ ಬೇಕು ಬಾಂಗ್, ಹೊಳೆ ಪಕ್ಕಾನೇ ಆಗ್ಬೇಕು," ಅಂದ. ಜಕಾರ್ತಾದವರು ಎಲ್ಲರನ್ನೂ ಬಾಂಗ್, ಅಂದರೆ ಅಣ್ಣ, ಅನ್ನುತ್ತಾರೆ.

"ಹಿಂದಿನ ಸೀಟಲ್ಲಿ ಕೂತಿರೋ ಅಜ್ಜಿಗೂ ಗುಡಾರಾನಾ ಸಾರ್?"

"ಅವರೇನು, ಹೊಂದ್ಕೊಂಡು ಹೋಗ್ತಾರೆ."

"ಹೊಂದ್ಕೊಳ್ತಾರೆ, ಸರಿ. ನಡುರಾತ್ರಿ ಅವರು ಎದ್ದು ಹೊರಗೆ ಹೋಗ್ಬೇಕು ಅಂದ್ರೆ ಟಾರ್ಚು ಹಿಡ್ಕೊಂಡು ಕಲ್ಲು ಮೇಲೆ ಕೈ ಹಿಡಿದು ನಡೆಸೋರು ಯಾರು? ನೀವಾ, ನಿಮ್ಮ ಮನೆಯೋರಾ?"

ಹಿಂದಿನಿಂದ ಅಜ್ಜಿ ಕಿಸಕ್ಕನೆ ನಕ್ಕು, "ಈ ಹುಡುಗ ಹೇಳಿದ ಕಡೆ ನಡೀರಿ," ಅಂದಳು. ಸಾಪ್ರಿ ಅವರನ್ನು ತೋಟದ ಕೆಳಗಿನ ಮೆಟ್ಟಿಲಿಲ್ಲದ ಕ್ಯಾಬಿನ್ನಿಗೆ ಕರೆದೊಯ್ದ. ಅಜ್ಜಿ ಇದ್ದ ಕಾರಿಗೆ ಯಾವತ್ತೂ ಅದೇ ಕ್ಯಾಬಿನ್ನು. ಅವನ ಹೆಂಡತಿ ಇಮಾಸ್ ತಿರುವಿನಲ್ಲಿ ಜೋಳ ಸುಡುವ ಅಂಗಡಿ ಇಟ್ಟಿದ್ದಳು. "ಜಗತ್ತಿನ ಅಜ್ಜಿಯರೆಲ್ಲ ನಿಮಗೇ ಗಂಟು ಬಿದ್ದವ್ರೆ," ಎಂದು ಅವಳು ರೇಗಿಸುತ್ತಿದ್ದಳು.

ಇಷ್ಟು ನಯವಾಗಿ ಮಾತಾಡುವ ಮನುಷ್ಯನ ಕಿವಿ ಹೋದದ್ದು ಒಂದು ಮಾತಿನಿಂದ.

ಸಾಪ್ರಿ ಹುಟ್ಟಿದ್ದು ಇಲ್ಲಲ್ಲ, ಪಡುವಲ ದಿಕ್ಕಿನ ಬಾಂತೆನ್ ಸೀಮೆಯ ಲೆಬಾಕ್ ಬೆಟ್ಟಗಳಲ್ಲಿ. ಅಲ್ಲಿಯದೂ ನಮ್ಮದೇ ಸುಂದಾ ಭಾಷೆ, ಆದರೆ ಒಂದು ಮಾತಿನಲ್ಲಿ ಅವರೇ ಬೇರೆ, ನಾವೇ ಬೇರೆ. 'ನೀನು' ಅನ್ನಲಿಕ್ಕೆ ಅವರು 'ಸಿಯಾ' ಅನ್ನುತ್ತಾರೆ. ತಾಯಿ ಮಗುವಿಗೂ ಸಿಯಾ, ಮಗು ತಾಯಿಗೂ ಸಿಯಾ, ಊರಿನ ಮುಖಂಡನಿಗೂ ಸಿಯಾ, ಎಮ್ಮೆಗೂ ಸಿಯಾ. ನಮ್ಮ ಘಾಟಿಯಲ್ಲಿ ಆ ಮಾತು ಬಾಯಿಗೆ ಬರಬೇಕಾದರೆ ಕೈ ಮಚ್ಚಿನ ಹಿಡಿಯ ಮೇಲಿರಬೇಕು. ಇಲ್ಲಿ ಹಿರಿಯರಿಗೊಂದು 'ನೀವು', ಸಮಾನರಿಗೊಂದು, ಕಿರಿಯರಿಗೊಂದು ಎಂದು ಮೆಟ್ಟಿಲು ಮೆಟ್ಟಿಲಾಗಿ ಇವೆ, ಸಿಯಾ ಆ ಮೆಟ್ಟಿಲುಗಳ ಕೆಳಗಿನ ಚರಂಡಿ. ಹೆತ್ತ ಮಗನಿಗೆ ಅಂದರೂ ಮಗ ಮನೆ ಬಿಟ್ಟು ಹೋಗುತ್ತಾನೆ.

ಅಪ್ಪನ ಜೊತೆ ವಿಲ್ಲಾಗಳ ಪಾಯ ಅಗೆಯಲು ಬಂದಿದ್ದ ಹುಡುಗ ಸಾಪ್ರಿಗೆ ಇದೆಲ್ಲ ಏನು ಗೊತ್ತು? ರಟ್ಟು ಹಿಡಿದವರ ಕೆಲಸ ಗುದ್ದಲಿಗಿಂತ ಸುಖ ಅನ್ನಿಸಿತು. ತಿರುವಿನ ಯಜಮಾನ ಎಂಕೋಸ್ ಬಳಿಗೆ ಹೋಗಿ ನಗುನಗುತ್ತಾ, "ಸಿಯಾ ನಂಗೂ ಒಂದು ಕೆಲಸ ಕೊಡ್ತೀಯಾ?" ಅಂದ. ಎಂಕೋಸ್ ಆಗ ಕಟ್ಟುಮಸ್ತಾದ ಗಂಡಸು, ಸುತ್ತ ಅವನ ಗುಂಪು ನಿಂತಿತ್ತು. ಮಚ್ಚು ಒರೆಯಿಂದ ಬಂದದ್ದು ಯಾರಿಗೂ ಕಾಣಲಿಲ್ಲ. ಹುಡುಗ ಕಿವಿ ಹಿಡಿದುಕೊಳ್ಳಲು ಕೈ ಎತ್ತಿದರೆ ಹಿಡಿದುಕೊಳ್ಳಲು ಕಿವಿ ಇರಲಿಲ್ಲ. ಅವನು ಅಳಲಿಲ್ಲ, ಓಡಲೂ ಇಲ್ಲ. ನಗು ಮುಖದ ಮೇಲೆ ಇನ್ನೂ ಹಾಗೇ ಇತ್ತಂತೆ, ತಾನು ಮಾಡಿದ್ದೇನು ಎಂದು ತಿಳಿಯದೆ.

ಆಮೇಲೆ ಪಾಯದ ಕೂಲಿಯವರು ಹೇಳಿದರು, ಅವರ ಕಡೆ ಅದು ಬರೀ 'ನೀನು' ಎಂದು. ಎಂಕೋಸ್ ಬಾಳೆಹಣ್ಣಿನ ಗೊನೆ ಹೊತ್ತು ಆಸ್ಪತ್ರೆಗೆ ಹೋದ.

"ಕಿವಿ ವಾಪಸ್ ಅಂಟ್ಸೋಕಾಗಲ್ಲ. ತಿರುವಲ್ಲಿ ನಿಂಗೊಂದು ಜಾಗ ಕೊಡ್ತೀನಿ, ನನ್ನ ಪಕ್ಕಾನೇ. ಆದ್ರೆ ಆ ಮಾತು ನನ್ನ ತಿರುವಲ್ಲಿ ಇನ್ನೊಂದ್ಸಲ ಕೇಳಿಸ್ಬಾರ್ದು. ಯಾರಂದ್ರೂ ಅಷ್ಟೇ, ರಕ್ತ ಬೀಳತ್ತೆ."

"ಆಗ್ಲಿ ಕಾಂಗ್," ಅಂದ ಸಾಪ್ರಿ, ಅಣ್ಣನಿಗೆ ಅಂದಂತೆ.

ನನಗೆ ಇದನ್ನು ನೆನೆದಾಗಲೆಲ್ಲ ಮೈ ಉರಿಯುತ್ತದೆ. ಕಿವಿ ಕತ್ತರಿಸಿದವನೇ ಅಣ್ಣ, ಕತ್ತರಿಸಿಕೊಂಡವನೇ ಋಣಿ. ಆದರೆ ನಮ್ಮ ರಸ್ತೆಯ ನ್ಯಾಯ ನಡೆದದ್ದೇ ಹಾಗೆ, ಸಾಪ್ರಿ ಆ ನ್ಯಾಯವನ್ನು ಪೂರ್ತಿಯಾಗಿ ಕಲಿತ. ಕೆಳತಿರುವಿನವರು ನಮ್ಮ ಕಾರುಗಳನ್ನು ಅಡ್ಡಗಟ್ಟಿ ಎಳೆದುಕೊಳ್ಳಲು ಶುರುಮಾಡಿದಾಗ ಎಂಕೋಸ್ ಕಣ್ಸನ್ನೆ ಮಾಡಿದರೆ ಸಾಕಿತ್ತು. ಸಾಪ್ರಿ ಬಿದಿರ ಗಳು ಹಿಡಿದು ಇಳಿಯುತ್ತಿದ್ದ. ಕೆಳತಿರುವಿನ ದಾಯತ್ ಎಂಬವನ ಮಂಡಿ ಚಿಪ್ಪನ್ನು ಅವನ ಹೆಂಡತಿಯ ಕಣ್ಣೆದುರೇ ಪುಡಿ ಮಾಡಿದ. ಅವರು ಇವನ ಮೋಟರ್‌ಸೈಕಲ್ಲಿಗೆ ಬೆಂಕಿ ಹಚ್ಚಿದರು. ಇವನು ಅವರ ಗುಡಿಸಲಿಗೆ ಹಚ್ಚಿದ. ಇದೆಲ್ಲ ನಡೆಯುತ್ತಿದ್ದದ್ದು ಯಾರೋ ಅಪರಿಚಿತರು ಎರಡು ದಿನ ಎಲ್ಲಿ ಮಲಗಬೇಕು ಎಂಬ ವಿಚಾರಕ್ಕೆ. ಕಾರಿನೊಳಗಿದ್ದವರಿಗೆ ಇದರ ಸುಳಿವೂ ಇರುತ್ತಿರಲಿಲ್ಲ, ಮಕ್ಕಳು ಗಾಜಿಗೆ ಮೂಗು ಒತ್ತಿ ಚಹಾಗಿಡ ನೋಡುತ್ತಿದ್ದವು.

ಮಾತಿನ ನಯ ಅವನಿಗೆ ಬಂದದ್ದು ಇಮಾಸಳಿಂದ. ಅವಳು ಘಾಟಿಯ ಆಚೆಯ ಚಿಯಾಂಜೂರಿನವಳು. ಅಲ್ಲಿಯವರು ಬೈಯುವಾಗಲೂ ಬಹುವಚನ ಬಿಡುವುದಿಲ್ಲ. ಮದುವೆಯಾದ ಹೊಸದರಲ್ಲಿ ಗಂಡನನ್ನು ಒಲೆಯ ಮುಂದೆ ಕೂರಿಸಿಕೊಂಡು ಒಂದೊಂದೇ ಮಾತು ತಿದ್ದಿದಳು. ಅವನು ತಪ್ಪಿದರೆ ಸೌಟು ಬೀಳುತ್ತಿತ್ತು. ಆದರೆ ಗಂಡನ ಊರಿಗೆ ಮೊದಲ ಸಲ ಹೋದಾಗ ಅತ್ತೆ ಅಂಬು ಅನ್ನದ ತಟ್ಟೆ ಮುಂದಿಟ್ಟು, "ಸಿಯಾ ಉಂಡ್ಯಾ?" ಎಂದಳು. ಅಂಬು ಎಂದರೆ ಅಮ್ಮ. ಇಮಾಸಳ ಕಿವಿಗೆ ಕಾದ ಸೀಸ ಬಿದ್ದಂತಾಯಿತು. ಅದು ಪ್ರೀತಿಯ ಮಾತು ಎಂದು ಗೊತ್ತಿತ್ತು, ಗಂಡ ದಾರಿಯುದ್ದಕ್ಕೂ ಹೇಳಿಕೊಂಡೇ ಬಂದಿದ್ದ. ಗೊತ್ತಿದ್ದರೂ ತುತ್ತು ಒಳಗೆ ಇಳಿಯಲಿಲ್ಲ. ಹೊಟ್ಟೆ ನೋವೆಂದು ಸುಳ್ಳು ಹೇಳಿ ಎದ್ದುಬಿಟ್ಟಳು. ಮುದುಕಿಗೆ ಸುಳ್ಳು ತಿಳಿಯಿತು. ಆಮೇಲೆ ಇಮಾಸ್ ಆ ಊರಿಗೆ ಹೋಗಲಿಲ್ಲ.

ಸಾಪ್ರಿ ಹೋಗುತ್ತಿದ್ದ. ಕಿವಿ ಹೋದ ಮೇಲೆ ಮೊದಲ ಸಲ ಹೋದಾಗ ಅಂಬು ಆ ಗಾಯದ ಮೇಲೆ ಬೆರಳಾಡಿಸಿ ಏನೂ ಕೇಳಿರಲಿಲ್ಲ. ಮೂರು ವರ್ಷದ ಹಿಂದೆ ಅವಳ ಕೊನೆಯ ಕೂಸು ಮುರ್ಸಿದ್, "ಅಣ್ಣನ ಜೊತೆ ನಾನೂ ದುಡೀತೀನಿ," ಎಂದು ಹಟ ಹಿಡಿದಾಗ ಮಾತ್ರ, ಇಷ್ಟು ವರ್ಷ ಒಳಗಿಟ್ಟುಕೊಂಡದ್ದನ್ನು ಹೊರಹಾಕಿದಳು.

"ಸಿಯಾಗೆ ನಾನು ಒಂದು ಪೂರಾ ಮೊಕ ಕೊಟ್ಟು ಕಳಿಸಿದ್ದೆ. ಅರ್ಧ ತಂದೆ. ನಾನು ಕೇಳ್ಲಿಲ್ಲ. ಇವನನ್ನ ಮಾತ್ರ ನಂಗೆ ಪೂರಾ ತಂದು ಒಪ್ಪಿಸ್ಬೇಕು, ತಿಳೀತಾ ಸಿಯಾಗೆ?"

"ತಂದು ಒಪ್ಪಿಸ್ತೀನಿ ಅಂಬು," ಅಂದ ಸಾಪ್ರಿ. ಸಾಪ್ರಿ ದಂಪತಿಗೆ ಮಕ್ಕಳಿರಲಿಲ್ಲ. ಅಂದಿನಿಂದ ಅವನ ಪಾಲಿಗೆ ಲೋಕದಲ್ಲಿ ಉಳಿದದ್ದು ಒಂದೇ ಕೆಲಸ, ತಮ್ಮನ ಮುಖದ ಮೇಲೆ ಗೀರು ಬೀಳದಂತೆ ನೋಡಿಕೊಳ್ಳುವುದು.

ಮುರ್ಸಿದ್ ಇಪ್ಪತ್ತೆಂಟರ ಗಂಡು, ಗಟ್ಟಿ ತೋಳು, ಸಡಿಲ ನಾಲಿಗೆ. ಗುಡಾರ ಹೊಡೆಯುವುದರಲ್ಲಿ ಕೈ ಪಳಗಿದವನು, ಅಡುಗೆಗೂ ಸೈ. ಕಾಡಿನ ಬಯಲಿನಲ್ಲಿ ಅವನು ಒಣಮೀನು ಹಾಕಿ ಅನ್ನ ಬೇಯಿಸಿದರೆ ಜಕಾರ್ತಾದವರು ಪಾತ್ರೆಯ ತಳ ಕೆರೆದು ತಿನ್ನುತ್ತಿದ್ದರು. ನಾಲಿಗೆಯದೇ ತೊಂದರೆ. ಸಾಪ್ರಿ ಅವನ ಜೇಬಿಗೆ ಒಂದು ಹಿಡಿ ಸೂಜಿ ಮೆಣಸಿನಕಾಯಿ ತುಂಬಿ ಕೆಲಸಕ್ಕೆ ನಿಲ್ಲಿಸಿದ. ಸಿಯಾ ಎಂಬ ಮಾತು ತುಟಿಗೆ ಬಂದಾಗಲೆಲ್ಲ ಒಂದನ್ನು ಕಚ್ಚಬೇಕು. ಮೊದಲ ತಿಂಗಳು ಮುರ್ಸಿದ್ ಕಣ್ಣು ಮೂಗು ಒರೆಸಿಕೊಂಡೇ ಗಿರಾಕಿಗಳ ಜೊತೆ ಮಾತಾಡಿದ. ತಿರುವಿನವರೆಲ್ಲ, "ಬಾಂತೆನ್ನವನಿಗೆ ಊರಿನ ನೆನಪು, ಪಾಪ, ಅಳ್ತಾನೆ," ಎಂದು ಗೇಲಿ ಮಾಡಿದರು.

"ನಾಲಿಗೆ ಸುಟ್ಟೋಯ್ತು ಕಾಂಗ್," ಎಂದು ಅವನು ಅಣ್ಣನ ಹತ್ತಿರ ಗೋಳಿಟ್ಟ.

"ಸುಟ್ರೆ ಸುಡ್ಲಿ. ಕಿವಿ ಉಳೀತಲ್ಲ."

ಎಂಕೋಸ್ ಈಗ ಮುದುಕ. ಎಲ್ಲರಿಗೂ ಅಬಾಹ್, ಅಂದರೆ ಅಪ್ಪಾಜಿ. ಇಮಾಸಳ ಅಂಗಡಿಯ ಪಕ್ಕದ ಬೆಂಚಿನಲ್ಲಿ ಕಂಬಳಿ ಹೊದ್ದು ಶುಂಠಿ ಕಷಾಯ ಕುಡಿಯುತ್ತಾ ಕೂರುತ್ತಿದ್ದ. ಸೊಂಟದಲ್ಲಿ ಆ ಹಳೆಯ ಮಚ್ಚು ಹಾಗೇ ಇತ್ತು. ಅವನ ಒಬ್ಬನೇ ಮಗ ಯಾಯಾನ್ ತಿರುವಿನ ಮುಂದಿನ ಯಜಮಾನ ತಾನೇ ಎಂದು ಎದೆ ಸೆಟೆಸಿಕೊಂಡು ತಿರುಗುತ್ತಿದ್ದ. ಅಪ್ಪನ ಸಿಟ್ಟು ಬಂದಿತ್ತು, ಅಪ್ಪನ ಗುರಿ ಬಂದಿರಲಿಲ್ಲ. ಹಾಗಾಗಿ ಅವನು ಇನ್ನಷ್ಟು ಅಪಾಯದ ಮನುಷ್ಯ.

ರಂಜಾನಿಗೆ ಮುಂಚಿನ ಶನಿವಾರ, ಉಪವಾಸ ಶುರುವಾಗುವ ಮೊದಲು ಇಡೀ ಜಕಾರ್ತಾ ನಮ್ಮ ಘಾಟಿ ಹತ್ತುವ ದಿನ. ಮಧ್ಯಾಹ್ನಕ್ಕೇ ಮಂಜು ಇಳಿದಿತ್ತು. ಮೇಲಕ್ಕೆ ಹೋಗುವ ಕಾರುಗಳು ರಸ್ತೆಯ ಎರಡೂ ಬದಿ ತುಂಬಿಕೊಂಡು ನಿಂತಿದ್ದವು. ಆ ಸಾಲಿನಿಂದ ಹೊಲಿಗೆ ಕಾರ್ಖಾನೆಯೊಂದರ ಹೆಂಗಸರನ್ನು ತುಂಬಿದ ಮೂರು ಮಿನಿಬಸ್ಸು ತಿರುವಿನ ಪಕ್ಕಕ್ಕೆ ಬಂದು ನಿಂತವು. ಇಳಿದ ಮೇಸ್ತ್ರಿ ಹೆಂಗಸು ಸೊಂಟಕ್ಕೆ ಕೈಕೊಟ್ಟು, "ಎಲ್ಲರಿಗೂ ಒಂದೇ ಕಡೆ ಬೇಕು. ಯಾವ್ದು ಒಳ್ಳೇದು, ನಿಜ ಹೇಳಿ," ಅಂದಳು.

ಯಾಯಾನ್ ಮುಂದೆ ನುಗ್ಗಿದ. "ದೊಡ್ಡ ವಿಲ್ಲಾ ಇದೆ ಅಕ್ಕಾ, ಅರಮನೆ ಇದ್ದಂಗಿದೆ. ಹಾಡು ಹೇಳೋ ಯಂತ್ರಾನೂ ಇದೆ."

"ಪೈಖಾನೆ ಎಷ್ಟಿವೆ?"

ಯಾಯಾನ್ ಮಂಜಿನ ಕಡೆ ನೋಡಿದ. ಪಕ್ಕದಲ್ಲಿದ್ದ ಮುರ್ಸಿದ್ ಸುಮ್ಮನಿರಬೇಕಿತ್ತು, ಇರಲಿಲ್ಲ. "ಎರಡೇ ಅಕ್ಕಾ. ಬೆಳಿಗ್ಗೆ ನಿಮ್ಮ ಸಾಲು ಈ ಕಾರಿನ ಸಾಲಿಗಿಂತ ಉದ್ದ ಆಗತ್ತೆ. ಪೈನ್ ಕಾಡಲ್ಲಿ ಗುಡಾರ ಹಾಕಿಸ್ಕೊಡ್ತೀನಿ, ಬಚ್ಚಲುಮನೆ ಬೇಕಾದಷ್ಟಿವೆ. ಬೆಂಕಿ ಹಾಕಿ ಸುತ್ತ ಕೂತ್ರೆ ಹಾಡೋಕೆ ಯಂತ್ರ ಯಾಕೆ?"

ಮಿನಿಬಸ್ಸಿನ ಕಿಟಕಿಗಳಿಂದ ಹೆಂಗಸರು ಹೋ ಎಂದು ನಕ್ಕರು. "ಗುಡಾರಾನೇ ಸರಿ," ಎಂದಳು ಮೇಸ್ತ್ರಿ, ಬಸ್ಸು ಹತ್ತಿದಳು. ಒಬ್ಬಾಕೆ ಯಾಯಾನ್ ಕಡೆ ಕೈಬೀಸಿ, "ಅರಮನೇಲಿ ನೀನೇ ಮಲ್ಕೋ ರಾಜ," ಎಂದಳು. ತಿರುವಿನವರೂ ನಕ್ಕುಬಿಟ್ಟರು, ಅದು ಇನ್ನೂ ಕೆಟ್ಟದಾಯಿತು.

ಯಾಯಾನ್ ಕಪ್ಪಿಟ್ಟುಹೋದ. ಹೊರಟ ಬಸ್ಸನ್ನು ತಡೆಯಲು ಅದರ ಮುಂದಕ್ಕೆ ಹಾರಿದ. ನೆಲದಲ್ಲೆಲ್ಲ ಜೋಳದ ಸಿಪ್ಪೆ ಬಿದ್ದು ಮಳೆಗೆ ನೆನೆದಿತ್ತು. ಕಾಲು ಜಾರಿ ಅಂಗಾತ ಬಿದ್ದ, ತಲೆ ಚಕ್ರದ ದಾರಿಗೇ ಬಂತು. ಮಂಜಿನಲ್ಲಿ ಚಾಲಕನಿಗೆ ಕಾಣಲಿಲ್ಲ. ಮುರ್ಸಿದ್ ನೆಗೆದು ಅವನ ಅಂಗಿಯ ಕೊರಳಪಟ್ಟಿ ಹಿಡಿದು ಒಂದೇ ಸೆಳೆತಕ್ಕೆ ಎಳೆದ. ಟೋಪಿ ಚಕ್ರದ ಕೆಳಗೆ ಹೋಯಿತು, ತಲೆ ಉಳಿಯಿತು. ಹೆದರಿದ ಮನುಷ್ಯ ಹುಟ್ಟಿದೂರಿನ ಭಾಷೆಗೇ ಓಡುತ್ತಾನೆ. ಮೆಣಸಿನಕಾಯಿ ಜೇಬಿನಲ್ಲೇ ಇತ್ತು. ಯಾಯಾನ್‌ನ ಮುಖವನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ತಾಯಿ ಕೇಳುವ ಹಾಗೆ ಕೇಳಿದ.

"ಸಿಯಾಗೆ ಏನೂ ಆಗ್ಲಿಲ್ವಾ? ಸಿಯಾಗೆ ಎಲ್ಲಾದ್ರೂ ಪೆಟ್ಟಾಯ್ತಾ?"

ಕೆಂಡದ ಮೇಲೆ ಜೋಳ ಸಿಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ಮುರ್ಸಿದ್‌ಗೆ ತಾನು ಅಂದದ್ದು ತನ್ನ ಕಿವಿಗೇ ಕೇಳಿ, ಕೈ ಸಡಿಲವಾಯಿತು. ಪ್ರಾಣ ಉಳಿಸಿದವನನ್ನು ಅಪ್ಪಿಕೊಳ್ಳಬೇಕಾದ ಯಾಯಾನ್ ಕೆಸರಿನಲ್ಲಿ ಕೂತಲ್ಲಿಂದಲೇ ಮಚ್ಚು ಎಳೆದ.

ಮೊದಲ ಏಟು ಮುರ್ಸಿದ್‌ನ ಭುಜಕ್ಕೆ ಬಿತ್ತು. ಎರಡನೆಯದನ್ನು ಅವನು ಅಂಗೈಯಲ್ಲಿ ತಡೆದ, ಎರಡು ಬೆರಳು ತೊಗಲಿನಲ್ಲಿ ನೇತಾಡಿದವು. ಹಿಂದೆ ಹಿಂದೆ ಸರಿಯುತ್ತಾ ರಸಮಾಲಾ ಮರದ ಬುಡಕ್ಕೆ ಬೆನ್ನು ಹತ್ತಿ ಕುಸಿದ. "ಮುಖ ಎತ್ತು," ಎಂದು ಕಿರುಚುತ್ತಿದ್ದ ಯಾಯಾನ್, "ಮುಖ ಎತ್ತೋ ನಾಯಿ."

ಸಾಪ್ರಿ ರಸ್ತೆಯ ಆಚೆ ಬದಿಯಲ್ಲಿದ್ದ. ಎರಡು ಕಾರಿನ ಮೂತಿ ಹತ್ತಿ ಇಳಿದು ಬಂದ. ಬರುವಾಗ ಇಮಾಸಳ ಕೈಯಲ್ಲಿದ್ದ ಕೆಂಡ ಕೆದಕುವ ಕಬ್ಬಿಣದ ಸರಳು ಕಿತ್ತುಕೊಂಡಿದ್ದ. ಮೂರನೆಯ ಏಟಿಗೆ ಎತ್ತಿದ ಯಾಯಾನ್‌ನ ಮಣಿಕಟ್ಟಿಗೆ ಆ ಸರಳು ಬಿತ್ತು. ಎಲುಬು ಮುರಿದ ಸದ್ದು ಅಷ್ಟರಲ್ಲಿ ನಿಂತಿದ್ದ ಬಸ್ಸಿನೊಳಗಿದ್ದವರಿಗೂ ಕೇಳಿಸಿತು. ಮಚ್ಚು ಬಿತ್ತು, ಯಾಯಾನ್ ಬಿದ್ದ, ಸಾಪ್ರಿಯ ಮಂಡಿ ಅವನ ಎದೆಯ ಮೇಲೆ ಕೂತಿತು, ಮಚ್ಚು ಸಾಪ್ರಿಯ ಕೈಗೆ ಬಂತು. ದಾಯತ್‌ನ ಮಂಡಿ ಒಡೆದ ಕೈ ಅದು, ಮುಂದಿನದನ್ನು ತಾನಾಗಿ ಮಾಡಬಲ್ಲ ಕೈ. ಮಚ್ಚಿನ ಅಲಗು ಯಾಯಾನ್‌ನ ಗಂಟಲಿಗೆ ತಗುಲಿ ಒಂದು ತೆಳು ಕೆಂಪು ಗೆರೆ ಮೂಡಿತು.

"ನನ್ನ ಮಗನ್ನ ಬಿಡು ಸಾಪ್ರಿ."

ಕಂಬಳಿ ಬಿಸಾಡಿ ಮುದುಕ ಎದ್ದು ಬಂದಿದ್ದ. ಅವನ ಮಚ್ಚೂ ಹೊರಗಿತ್ತು. ಸಾಪ್ರಿ ಕೈ ತಡೆದ.

"ಯಾರಂದದ್ದು ಆ ಮಾತು?" ಎಂದು ಕೇಳಿದ ಎಂಕೋಸ್.

"ಅವನು, ಅಬಾಹ್," ಎಂದ ಯಾಯಾನ್ ಕೆಳಗಿನಿಂದ, ಅಳುತ್ತಾ. "ನನ್ನ ಮುಖ ಹಿಡ್ಕೊಂಡು ಅಂದ. ಎಲ್ರೂ ಕೇಳ್ಸ್ಕೊಂಡ್ರು."

ಎಂಕೋಸ್ ಮುರ್ಸಿದ್ ಕಡೆ ತಿರುಗಿದ. ಮುದುಕನಿಗೆ ಆ ಗಳಿಗೆಯಲ್ಲಿ ದ್ವೇಷವಿತ್ತು ಎಂದು ನಾನು ಹೇಳಲಾರೆ. ಕಾನೂನು ತಾನೇ ಮಾಡಿದ್ದ, ತಿರುವಿನವರೆಲ್ಲ ಸುತ್ತ ನಿಂತಿದ್ದರು. ಇಂದು ಬಿಟ್ಟರೆ ನಾಳೆ ಅವನ ಮಗನಿಗೆ ಆ ತಿರುವಿನಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಮರದ ಬುಡದಲ್ಲಿ ಮುರ್ಸಿದ್ ತಲೆ ಎತ್ತಿದ. ಮುಖ ಪೂರ್ತಿ ಇತ್ತು, ಎರಡು ಕಿವಿಯೂ ಇದ್ದವು.

ಸಾಪ್ರಿ ಯಾಯಾನ್‌ನ ಮಚ್ಚನ್ನು ಚರಂಡಿಗೆ ಎಸೆದ. ಸರಳನ್ನೂ ಎಸೆದ. ಹೋಗಿ ತಮ್ಮನ ಮುಂದೆ ಅಡ್ಡ ನಿಂತ.

"ಅಬಾಹ್, ಅವನು ಪ್ರಾಣ ಉಳಿಸಿ ಅಂದ ಮಾತು ಅದು. ನಮ್ಮೂರಲ್ಲಿ ಅದಕ್ಕೆ ಬೇರೆ ಅರ್ಥ. ನಿಮಗೆ ಗೊತ್ತು. ನನ್ನ ಕಿವಿ ಕೊಟ್ಟು ನಿಮಗೆ ಅದನ್ನ ಕಲಿಸಿದ್ದೀನಿ."

"ಗೊತ್ತು. ಪಕ್ಕಕ್ಕೆ ಹೋಗು. ಒಂದು ಗೀರು ಅಷ್ಟೇ, ಕೊಲ್ಲಲ್ಲ."

"ಗೀರೂ ಬೇಡ ಅಬಾಹ್."

"ಹೋಗು ಅಂದೆ."

ಕೈಯೆತ್ತಿ ಹೊಡೆದರೆ ಮುದುಕ ಉರುಳಿಬೀಳುತ್ತಿದ್ದ. ಆದರೆ ಸುತ್ತಲಿದ್ದವರೆಲ್ಲ ಎಂಕೋಸ್‌ನ ಜನ, ಒಬ್ಬೊಬ್ಬನ ಸೊಂಟದಲ್ಲೂ ಒಂದೊಂದು ಮಚ್ಚಿತ್ತು. ಮುದುಕ ಬಿದ್ದರೆ ಇಬ್ಬರನ್ನೂ ಅಲ್ಲೇ ತುಂಡರಿಸುತ್ತಾರೆ. ಆ ಮಚ್ಚು ಇಂದು ಎಲ್ಲಾದರೂ ಬೀಳಲೇಬೇಕು, ಒಮ್ಮೆ ಬಿದ್ದರೆ ಲೆಕ್ಕ ಮುಗಿಯುತ್ತದೆ. ಎಲ್ಲಿ ಬೀಳಬೇಕು ಎಂಬುದನ್ನು ಮಾತ್ರ ಆರಿಸಬಹುದಿತ್ತು, ಆರಿಸಿ ಕೊಡುವುದು ಅವನ ಕಸುಬೇ ಆಗಿತ್ತು. ಸಾಪ್ರಿ ಮುದುಕನ ಕಣ್ಣಲ್ಲಿ ಕಣ್ಣಿಟ್ಟ. ಇಮಾಸ್ ಸೌಟು ಹಿಡಿದು ತಿದ್ದಿದ ನಾಲಿಗೆಯನ್ನು ಅವನು ಬಿಚ್ಚಿದ.

"ಸಿಯಾ," ಅಂದ. "ಸಿಯಾ ಎಂಕೋಸ್. ಕೇಳಿಸ್ತಾ ಸಿಯಾಗೆ?"

ಮುದುಕನ ಕೈ ಮುಂದೆ ಹೋಯಿತು, ಬುದ್ಧಿ ಹಿಂದೆ ಉಳಿಯಿತು. ಕೆನ್ನೆಗೆ ಎಂದು ಬೀಸಿದ್ದು ವಯಸ್ಸಾದ ಕೈ ತಪ್ಪಿ ಕುತ್ತಿಗೆಯ ಬುಡಕ್ಕೆ ಇಳಿಯಿತು. ಸಾಪ್ರಿ ನಿಂತೇ ಇದ್ದ, ಆಮೇಲೆ ಕೂತ. ಎಂಕೋಸ್ ಕೈಯಲ್ಲಿದ್ದ ಮಚ್ಚನ್ನು ಯಾರದೋ ಎಂಬಂತೆ ನೋಡಿ, "ಇಲ್ಲ, ಇಲ್ಲ," ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ ರಸ್ತೆಯಲ್ಲೇ ಕುಕ್ಕರಿಸಿದ. ಪೊಲೀಸರು ಬಂದಾಗಲೂ ಅಲ್ಲೇ ಇದ್ದ.

ಅಣ್ಣ ತಮ್ಮಂದಿರನ್ನು ತರಕಾರಿ ಸಾಗಿಸುವ ಪಿಕಪ್ ಗಾಡಿಯ ಹಿಂದೆ ಹಾಕಿದರು. ಇಮಾಸ್ ತನ್ನ ತಲೆವಸ್ತ್ರ ಬಿಚ್ಚಿ ಗಂಡನ ಕುತ್ತಿಗೆಗೆ ಒತ್ತಿ ಹಿಡಿದಳು, ಅದು ತೊಯ್ದು ತೊಟ್ಟಿಕ್ಕಿತು. ಆಸ್ಪತ್ರೆ ಇದ್ದದ್ದು ಕೆಳಗೆ, ಕಾರುಗಳೆಲ್ಲ ಮೇಲ್ಮುಖ. ತಿರುವಿನ ಹುಡುಗರು ಮುಂದೆ ಸೀಟಿ ಊದುತ್ತಾ ಒಂದೊಂದೇ ಕಾರನ್ನು ಪಕ್ಕಕ್ಕೆ ಸರಿಸಿದರು. ಕೆಳತಿರುವು ಬಂದಾಗ ಅಲ್ಲಿಯವರೂ ಸೀಟಿ ಹಿಡಿದು ರಸ್ತೆಗಿಳಿದರು. ಕುಂಟುತ್ತಾ ಕಾರುಗಳ ಬಾನೆಟ್ಟಿಗೆ ಕೋಲಿನಿಂದ ಬಡಿದು ದಾರಿ ಬಿಡಿಸುತ್ತಿದ್ದವನು ದಾಯತ್. ಅವನು ಪಿಕಪ್‌ನೊಳಗೆ ಒಮ್ಮೆ ನೋಡಿ ಮತ್ತೆ ಕೋಲು ಬೀಸಿದ.

ಅಷ್ಟಾದರೂ ಗಾಡಿ ನಿಂತು ನಿಂತು ಸಾಗುತ್ತಿತ್ತು. ಒಂದು ಕಡೆ ನಿಂತಾಗ ಪಕ್ಕದ ಕಾರಿನ ಗಾಜು ಇಳಿಯಿತು. ಮಂಜಿನಲ್ಲಿ ಆ ಮನುಷ್ಯನಿಗೆ ಕಂಡದ್ದು ಪಿಕಪ್‌ನ ಅಂಚಿಗೆ ಒರಗಿ ಕೂತ ಮುರ್ಸಿದ್‌ನ ಮುಖ ಮಾತ್ರ.

"ಬಾಂಗ್, ಮೇಲೆ ಕ್ಯಾಬಿನ್ನು ಖಾಲಿ ಇದ್ಯಾ? ಎಲ್ಲಾ ತುಂಬಿದೆ ಅಂತಾವ್ರೆ."

ಮುರ್ಸಿದ್‌ಗೆ ಮೈಯೆಲ್ಲ ಬೆಂಕಿಯಾಯಿತು. ನಮ್ಮ ಘಾಟಿಯ ಅರ್ಥದಲ್ಲಿ, ಪೂರ್ತಿ ವಿಷದೊಂದಿಗೆ, ಸಿಯಾ ಎಂಬ ಮಾತು ಅವನ ಬಾಯಿಗೆ ಬಂತು. ಸಾಪ್ರಿಯ ಕೈ ಅವನ ಮೊಣಕಾಲು ಒತ್ತಿತು. ಮಲಗಿದ್ದಲ್ಲಿಂದಲೇ ಸಾಪ್ರಿ ತೆರೆದ ಗಾಜಿನೊಳಗೆ ನೋಡುತ್ತಿದ್ದ.

"ಅಜ್ಜಿ ಇದ್ದಾರೆ," ಎಂದ. ಗಂಟಲಲ್ಲಿ ರಕ್ತ ಗುಳುಗುಳು ಅಂದಿತು. "ಮೆಟ್ಟಿಲಿಲ್ಲದ್ದು ಹೇಳು. ತೋಟದ ಕೆಳಗಿಂದು."

ಮುರ್ಸಿದ್ ಹಲ್ಲು ಕಚ್ಚಿ, ಅಳುತ್ತಾ, ದಾರಿ ಹೇಳಿದ. ಚಹಾತೋಟದ ಹಳೆಯ ಗೇಟಿನ ಹತ್ತಿರ ಎಡಕ್ಕೆ, ಬಿಳಿ ಬೇಲಿ ಇರುವುದು. ಕಾರಿನವನು ಥ್ಯಾಂಕ್ಸ್ ಹೇಳಿ ಗಾಜು ಏರಿಸಿಕೊಂಡ. ಗಾಡಿ ಮತ್ತೆ ಹೊರಟು ಎರಡು ತಿರುವು ಇಳಿಯುವಷ್ಟರಲ್ಲಿ ಇಮಾಸಳ ಕೈಯ ಕೆಳಗೆ ಬಡಿತ ನಿಂತಿತ್ತು. ಅವಳು ಆಸ್ಪತ್ರೆಯವರೆಗೂ ಒತ್ತಿ ಹಿಡಿದೇ ಇದ್ದಳು.

ಮಣ್ಣು ಮಾಡಲು ಅವನನ್ನು ಲೆಬಾಕ್‌ಗೇ ಒಯ್ದರು. ಇಮಾಸ್ ಆ ಹಾದಿಯಲ್ಲಿ ಎರಡನೆಯ ಸಲ ನಡೆದಳು. ಅಂಬು ಬಾಗಿಲಲ್ಲಿ ನಿಂತಿದ್ದಳು, ಕಣ್ಣು ಮಬ್ಬಾಗಿತ್ತು. ಮೊದಲು ಮುರ್ಸಿದ್‌ನನ್ನು ಹತ್ತಿರಕ್ಕೆ ಕರೆದಳು. ಭುಜದ ಪಟ್ಟಿಯನ್ನೂ ಕೈಯ ಪಟ್ಟಿಯನ್ನೂ ಬಿಟ್ಟು ನೇರ ಮುಖಕ್ಕೆ ಕೈಹಾಕಿ ಹಣೆ, ಕೆನ್ನೆ, ಗಲ್ಲ ಸವರಿದಳು. ಎರಡೂ ಕಿವಿಗಳನ್ನು ಬುಡದಿಂದ ತುದಿಯವರೆಗೆ ಮುಟ್ಟಿ ನೋಡಿದಳು. ಆಮೇಲೆ ಚಾಪೆಯ ಮೇಲಿದ್ದ ದೊಡ್ಡ ಮಗನ ಬಳಿ ಕೂತು ಅವನ ಅರ್ಧ ಕಿವಿಗೆ ಬಾಯಿಟ್ಟು, "ಪೂರಾ ಐತೆ. ಸಿಯಾ ಕೊಟ್ಟ ಮಾತು ಉಳಿಸ್ಕೊಂಡೆ," ಎಂದಳು. ಆಗ ಮುರ್ಸಿದ್ ಗೋಡೆಗೆ ತಲೆ ಚಚ್ಚಿಕೊಂಡ, ನಾಲ್ಕು ಜನ ಹಿಡಿಯಬೇಕಾಯಿತು.

ಮಣ್ಣು ಮಾಡಿ ಬಂದ ಮೇಲೆ ಹೆಂಗಸರು ಅನ್ನ ಬಡಿಸಿದರು. ಇಮಾಸ್ ಮೂಲೆಯಲ್ಲಿ ಕೂತಿದ್ದಳು, ಉಗುರಿನ ಸಂದಿಯ ರಕ್ತ ಇನ್ನೂ ಹೋಗಿರಲಿಲ್ಲ. ಆ ಮಾತಿನ ಮೇಲೆ ಅವಳಿಗಿದ್ದ ಸಿಟ್ಟನ್ನು ಹೇಳತೀರದು. ಗಂಡನ ಕಿವಿಯನ್ನು ಮೊದಲು ತಿಂದದ್ದು, ಈಗ ಗಂಡನನ್ನೇ ತಿಂದದ್ದು ಅದೇ. ಅಂಬು ತಡವರಿಸುತ್ತಾ ಬಂದು ಅನ್ನದ ತಟ್ಟೆಯನ್ನು ಅವಳ ಮುಂದಿಟ್ಟು ಎದುರಿಗೆ ಕೂತಳು.

"ಸಿಯಾ ಉಂಡ್ಯಾ?" ಎಂದು ಕೇಳಿದಳು.

ಈ ಸಲ ಇಮಾಸ್ ಎದ್ದು ಹೋಗಲಿಲ್ಲ.

"ಇಲ್ಲ ಅಂಬು, ಉಂಡಿಲ್ಲ," ಎಂದಳು. ತಟ್ಟೆಯನ್ನು ಹತ್ತಿರ ಎಳೆದುಕೊಂಡು ಕೈ ಹಾಕಿದಳು.